ಬಾತುಕೋಳಿ ಸಾಕುವುದೆಂದರೆ ನೀರು ನಿಭಾಯಿಸುವುದು

ಇಲ್ಲಿ ಕೂತಿರುವವರಲ್ಲಿ ಹಲವರು ಕೋಳಿ ಸಾಕಿದವರು. ಆ ಅನುಭವದಲ್ಲಿ ಅರ್ಧ ಬಾತುಕೋಳಿಗೂ ಒದಗುತ್ತದೆ, ಇನ್ನರ್ಧವನ್ನು ಇವತ್ತು ಸ್ವಲ್ಪ ಹೊತ್ತು ಬದಿಗಿಡಿ. ಮನೆಯಲ್ಲಿ ಬಾತುಮರಿಗಳು ಸಾಯುವುದು, ಕಾಲು ಬಿದ್ದು ಕೂರುವುದು ಬಹುಮಟ್ಟಿಗೆ ಅವನ್ನು ಕೋಳಿಮರಿಯಂತೆ ಸಾಕಿದಾಗ. ಬಾತು ನೀರಿನ ಹಕ್ಕಿ. ಮೇವು ನುಂಗಲು ಅದಕ್ಕೆ ನೀರು ಬೇಕು, ಮೂಗಿನ ಹೊಳ್ಳೆ ತೊಳೆದುಕೊಳ್ಳಲು, ಕಣ್ಣು ಸ್ವಚ್ಛವಾಗಿರಲು, ಪುಕ್ಕ ತೀಡಿಕೊಳ್ಳಲು ನೀರು ಬೇಕು. ಅದೇ ನೀರು ಮಲಗುವ ಜಾಗಕ್ಕೆ ಬಂದರೆ ಕಾಯಿಲೆ ಬರುತ್ತದೆ. ನೀರು ಎಲ್ಲಿರಬೇಕು, ಎಷ್ಟಿರಬೇಕು, ಎಲ್ಲಿ ಇರಲೇಬಾರದು ಎಂಬುದು ಗೊತ್ತಾದರೆ ಉಳಿದದ್ದನ್ನು ನೀವು ಕೋಳಿಯಿಂದ ಕಲಿತದ್ದರಲ್ಲೇ ನಡೆಸಬಹುದು.

ಮರಿ ತರುವ ಮೊದಲು ಸಂಖ್ಯೆ ತೀರ್ಮಾನಿಸಿ. ಒಂದೇ ಮರಿಯನ್ನು ತರಬೇಡಿ. ಮಕ್ಕಳು ಕೇಳುವುದು ಒಂದನ್ನೇ, ಕೊಡಿಸುವವರೂ ಒಂದನ್ನೇ ಕೊಡಿಸುತ್ತಾರೆ. ಬಾತುಮರಿ ಮೊಟ್ಟೆಯಿಂದ ಹೊರಬಂದ ಮೊದಲ ದಿನವೇ, ಕಣ್ಣೆದುರು ಚಲಿಸುವ ಜೀವವನ್ನು ತನ್ನವರೆಂದು ಅಚ್ಚೊತ್ತಿಕೊಳ್ಳುತ್ತದೆ. ಈ ವರ್ತನೆಯನ್ನು 1930ರ ದಶಕದಲ್ಲಿ ವಿವರವಾಗಿ ಬರೆದವರು ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಸ್. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಸಿಕ್ಕಿತು. ಅವರ ಹಿಂದೆ ಸಾಲಾಗಿ ನಡೆಯುವ ಹಂಸಬಾತಿನ ಮರಿಗಳ ಚಿತ್ರವನ್ನು ಶಾಲೆಯ ಪುಸ್ತಕದಲ್ಲಿ ನೀವು ನೋಡಿರಬಹುದು. ನೋಡಲು ಮುದ್ದಾಗಿದೆ. ಆದರೆ ಒಂಟಿ ಮರಿಯ ಮಟ್ಟಿಗೆ ಅದರ ಅರ್ಥ ಬೇರೆ. ನೀವು ಕೋಣೆಯಿಂದ ಹೊರಟ ಕ್ಷಣದಿಂದ ಅದು ಚೀರುತ್ತದೆ, ಮೇವು ಬಿಡುತ್ತದೆ, ಓಡಾಡಿ ದಣಿಯುತ್ತದೆ. ಕನ್ನಡಿ ಇಡುವುದು, ಗೊಂಬೆ ಇಡುವುದು ಒಂದೆರಡು ದಿನ ದೂಡುವ ಉಪಾಯವಷ್ಟೆ. ಕನಿಷ್ಠ ಎರಡು ಮರಿ, ಸಾಧ್ಯವಾದರೆ ಮೂರು ನಾಲ್ಕು ತನ್ನಿ.

ಯಾವ ತಳಿ? ಮಸ್ಕೋವಿಯೊಂದನ್ನು ಬಿಟ್ಟು ಸಾಕು ಬಾತುಗಳೆಲ್ಲ ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿ. ಮೊಟ್ಟೆಗಾಗಿ ಹೆಚ್ಚು ಜನ ಸಾಕುವುದು ಖಾಕಿ ಕ್ಯಾಂಬೆಲ್. ಮಣ್ಣಿನ ಬಣ್ಣ, ಹಗುರ ಮೈ, ಚುರುಕು. ಚೆನ್ನಾಗಿ ಸಾಕಿದರೆ ವರ್ಷಕ್ಕೆ 250ರಿಂದ 300 ಮೊಟ್ಟೆ. ಬಿಳಿ ಪೆಕಿನ್ ಮಾಂಸದ ತಳಿ. ಶಾಂತ ಸ್ವಭಾವ, ಮಕ್ಕಳಿಗೆ ಇಷ್ಟ, ಆದರೆ ಮೈ ಭಾರ, ಅದಕ್ಕೇ ಕಾಲಿನ ತೊಂದರೆ ಹೆಚ್ಚು. ಕೇರಳದ ಕುಟ್ಟನಾಡಿನ ಚಾರ ಮತ್ತು ಚೆಂಬಳ್ಳಿ ನಮ್ಮ ಹವೆಗೆ ಹೊಂದಿಕೊಂಡ ನಾಡತಳಿಗಳು. ಮಸ್ಕೋವಿ ದಕ್ಷಿಣ ಅಮೆರಿಕದ ಮೂಲದ್ದು, ಮುಖದ ಮೇಲೆ ಕೆಂಪು ಗಂಟುಗಂಟು ಚರ್ಮ ಇರುತ್ತದೆ, ಕೂಗುವುದಿಲ್ಲ, ಹಿಸ್ ಅನ್ನುತ್ತದೆ ಅಷ್ಟೆ. ಪಕ್ಕದ ಮನೆ ಹತ್ತಿರವಿದ್ದರೆ ಮಸ್ಕೋವಿ ಒಳ್ಳೆಯದು. ಉಳಿದ ತಳಿಗಳಲ್ಲಿ ಗದ್ದಲವೆಲ್ಲ ಹೆಣ್ಣಿನದು. ಗಂಡಿನ ದನಿ ಗಂಟಲು ಕಟ್ಟಿದಂತೆ ಮೆತ್ತಗಿರುತ್ತದೆ. ಕರ್ನಾಟಕದಲ್ಲಿ ನಂಬಿಕೆಯ ಮರಿ ಬೇಕಾದವರು ಬೆಂಗಳೂರು ಹೊರವಲಯದ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಮೊದಲು ವಿಚಾರಿಸಿ. ಬಾತು ತಳಿ ಸಂವರ್ಧನೆ ಅಲ್ಲಿ ದಶಕಗಳಿಂದ ನಡೆದಿದೆ. ಸಂತೆಯಲ್ಲಿ ಬುಟ್ಟಿಯಲ್ಲಿ ಮಾರುವ ಮರಿಗಳನ್ನೇ ಕೊಳ್ಳುವುದಾದರೆ ಹೊಕ್ಕುಳು ಒಣಗಿದೆಯೇ, ಹಿಂಬದಿಯ ತುಪ್ಪುಳಕ್ಕೆ ಹಿಕ್ಕೆ ಅಂಟಿದೆಯೇ, ಎರಡೂ ಕಾಲಿನ ಮೇಲೆ ಸಮನಾಗಿ ನಿಲ್ಲುತ್ತದೆಯೇ ಎಂದು ಕೈಯಲ್ಲಿ ಹಿಡಿದು ನೋಡಿ.

ಈಗ ಮರಿ ಮನೆಗೆ ಬಂತು. ಮೊದಲು ಬೇಕಾದದ್ದು ಬಿಸಿ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ ಸುಮಾರು 32 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತಾ ಹೊರಗಿನ ಹವೆಗೆ ತರಬೇಕು. ರಾಯಚೂರಿನ ಏಪ್ರಿಲ್‌ನಲ್ಲಿ ಹಗಲು ಬಲ್ಬು ಬೇಕಾಗುವುದೇ ಇಲ್ಲ, ರಾತ್ರಿಗೆ ಒಂದು ವಾರ ಸಾಕು. ಮಡಿಕೇರಿಯ ಜುಲೈನಲ್ಲಿ ನಾಲ್ಕು ವಾರವೂ ಬೇಕಾದೀತು. ನಾಲ್ಕೈದು ಮರಿಗೆ ಎರಡು ಅಡಿಗೆ ಮೂರು ಅಡಿಯ ಪ್ಲಾಸ್ಟಿಕ್ ಕ್ರೇಟು ಮೊದಲ ಹತ್ತು ದಿನಕ್ಕೆ ಸರಿಹೋಗುತ್ತದೆ. ರಟ್ಟಿನ ಪೆಟ್ಟಿಗೆ ಬೇಡ, ಎರಡೇ ದಿನದಲ್ಲಿ ನೆನೆದು ತಳ ಕಿತ್ತು ಬರುತ್ತದೆ. ಕ್ರೇಟಿನ ಒಂದು ಮೂಲೆಯ ಮೇಲೆ ಹಳೆಯ ಮಾದರಿಯ 60 ವಾಟ್ ಬಲ್ಬು ತೂಗುಹಾಕಿ. ಎಲ್‌ಇಡಿ ಬೆಳಕು ಕೊಡುತ್ತದೆ, ಶಾಖ ಸಾಲದು. ನೆಲದಿಂದ ಒಂದೂವರೆ ಅಡಿ ಎತ್ತರದಿಂದ ಶುರುಮಾಡಿ, ಮರಿಗಳನ್ನು ನೋಡಿಕೊಂಡು ಏರಿಸಿ ಇಳಿಸಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಮುದುಡಿ ಕೂಗುತ್ತಿದ್ದರೆ ಚಳಿ. ದೂರದ ಮೂಲೆಗೆ ಹೋಗಿ ಕೊಕ್ಕು ತೆರೆದು ಏದುತ್ತಿದ್ದರೆ ಸೆಕೆ. ಅಲ್ಲಲ್ಲಿ ಹರಡಿಕೊಂಡು ಮಲಗಿದ್ದರೆ ಸರಿಯಾಗಿದೆ. ಥರ್ಮಾಮೀಟರಿಗಿಂತ ಮರಿಗಳೇ ಸರಿಯಾಗಿ ಹೇಳುತ್ತವೆ.

ಒಂದು ಎಚ್ಚರ. ಬಾತುಮರಿ ನೀರು ಎರಚುತ್ತದೆ, ಬಿಸಿ ಬಲ್ಬಿಗೆ ಹನಿ ಬಿದ್ದರೆ ಗಾಜು ಸಿಡಿಯುತ್ತದೆ. ಬಲ್ಬಿಗೆ ತಂತಿಯ ಗೂಡು ಹಾಕಿ, ನೀರಿನ ಪಾತ್ರೆಯನ್ನು ಎದುರು ತುದಿಯಲ್ಲಿಡಿ, ಬಲ್ಬನ್ನು ಅದರ ವೈರಿನಿಂದಲೇ ನೇತುಹಾಕದೆ ಸರಪಳಿಯಿಂದ ಕಟ್ಟಿ. ಒಣ ಹೊಟ್ಟಿನ ಮೇಲೆ ಬಲ್ಬು ಕಳಚಿ ಬಿದ್ದರೆ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ.

ಹಾಸಿಗೆಗೆ ದಿನಪತ್ರಿಕೆ ಹಾಸುವವರು ಬಹಳ. ಒದ್ದೆಯಾದ ಕಾಗದ ಜಾರುತ್ತದೆ, ಮರಿಯ ಕಾಲು ಎರಡೂ ಬದಿಗೆ ಸೀಳಿದಂತೆ ಜಾರಿ ಹಾಗೆಯೇ ನಿಂತುಬಿಡುತ್ತದೆ. ಮೊದಲ ಮೂರು ನಾಲ್ಕು ದಿನ ಗೋಣಿಚೀಲದ ತುಂಡು ಹಾಸಿ, ನೆನೆದ ಕೂಡಲೇ ಬದಲಿಸಿ. ಮರಿಗೆ ಮೇವು ಯಾವುದು, ಹೊಟ್ಟು ಯಾವುದು ಎಂದು ಗೊತ್ತಾದ ಮೇಲೆ ಎರಡು ಅಂಗುಲ ಭತ್ತದ ಹೊಟ್ಟು ಹಾಕಬಹುದು. ಮೊದಲ ದಿನವೇ ಹಾಕಿದರೆ ಅದನ್ನೇ ತಿಂದು ಹೊಟ್ಟೆ ಕಟ್ಟಿಕೊಳ್ಳುತ್ತವೆ. ಗರಗಸದ ನಯವಾದ ಹುಡಿ ಯಾವ ವಯಸ್ಸಿಗೂ ಬೇಡ, ಧೂಳು ಉಸಿರಿಗೆ ಹೋಗುತ್ತದೆ.

ನೀರಿನ ಪಾತ್ರೆಗೆ ಬರೋಣ. ನೀರು ಎಷ್ಟು ಆಳ ಇರಬೇಕೆಂದರೆ ಮರಿ ಕೊಕ್ಕನ್ನು ಮೂಗಿನ ಹೊಳ್ಳೆ ಮುಳುಗುವವರೆಗೆ ಅದ್ದಲು ಬರಬೇಕು, ಮೈ ಒಳಗೆ ಹೋಗಬಾರದು. ಕೋಳಿಮರಿಯ ಅಗಲ ಅಂಚಿನ ನೀರಿನ ಪಾತ್ರೆ ಮೊದಲ ವಾರಕ್ಕೆ ನಡೆಯುತ್ತದೆ. ತೆರೆದ ಬಟ್ಟಲಾದರೆ ದುಂಡು ಕಲ್ಲು ತುಂಬಿ, ಕಲ್ಲಿನ ನಡುವೆ ಕೊಕ್ಕು ಇಳಿಯುವಷ್ಟು ನೀರು ನಿಲ್ಲಿಸಿ. ಎರಡನೇ ವಾರದಿಂದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡು ಬದಿಯಲ್ಲಿ ತಲೆ ಹಿಡಿಯುವಷ್ಟು ದುಂಡು ರಂಧ್ರ ಕೊರೆದು ಅಂಚು ನಯಮಾಡಿ. ತಲೆ ಒಳಗೆ ಹೋಗುತ್ತದೆ, ಮೈ ಹೋಗುವುದಿಲ್ಲ, ನೀರೂ ಅಷ್ಟು ಚೆಲ್ಲುವುದಿಲ್ಲ. ಇನ್ನೊಂದು ಕೆಲಸ ಮಾಡಿ. ಒಂದು ಅಗಲ ಟ್ರೇ ಇಟ್ಟು ಅದರ ಮೇಲೆ ಅರ್ಧ ಅಂಗುಲದ ತಂತಿಬಲೆ ಬಿಗಿದು, ನೀರಿನ ಡಬ್ಬಿಯನ್ನು ಆ ಬಲೆಯ ಮೇಲಿಡಿ. ಚೆಲ್ಲಿದ್ದೆಲ್ಲ ಟ್ರೇಗೆ ಇಳಿಯುತ್ತದೆ, ಹಾಸಿಗೆ ಒಣಗಿರುತ್ತದೆ. ಬೆಳಿಗ್ಗೆ ಟ್ರೇ ಎತ್ತಿ ಗಿಡಕ್ಕೆ ಸುರಿಯಿರಿ. ಈ ಸಣ್ಣ ಏರ್ಪಾಟಿನಿಂದ ದಿನಕ್ಕೆ ಮೂರು ಸಲ ಹಾಸಿಗೆ ಬದಲಿಸುವುದು ತಪ್ಪುತ್ತದೆ.

ನೀರಿಲ್ಲದೆ ಮೇವು ಇಡಲೇಬೇಡಿ. ಬಾತು ಮೇವನ್ನು ಕುಕ್ಕುವುದಿಲ್ಲ, ಬಾಚುತ್ತದೆ. ಒಣ ಹುಡಿ ಕೊಕ್ಕಿನಲ್ಲಿ ಅಂಟಾಗಿ ಗಂಟಲಲ್ಲಿ ಕಟ್ಟಿಕೊಳ್ಳುತ್ತದೆ. ಒಂದು ಬಾಚು ಮೇವು, ಒಂದು ಅದ್ದು ನೀರು, ಇದು ಅವುಗಳ ಕ್ರಮ. ನೀರಿನ ಡಬ್ಬಿ ಖಾಲಿಯಾದ ಕೂಡಲೇ ಮೇವಿನ ತಟ್ಟೆಯನ್ನೂ ಎತ್ತಿಬಿಡಿ.

ಇಲ್ಲೊಬ್ಬರು ಚೀಟಿ ಕಳಿಸಿದ್ದಾರೆ: ನೀರಿನ ಹಕ್ಕಿಯ ಮರಿ ನೀರಿನಲ್ಲಿ ಮುಳುಗಿ ಸಾಯುತ್ತದೆಯೇ ಎಂದು. ಸಾಯುತ್ತದೆ. ಬಾತಿನ ಬಾಲದ ಬುಡದಲ್ಲಿ ಎಣ್ಣೆಗ್ರಂಥಿ ಇದೆ. ಬೆಳೆದ ಹಕ್ಕಿ ಕೊಕ್ಕಿನಿಂದ ಆ ಎಣ್ಣೆಯನ್ನು ಒತ್ತಿ ಪುಕ್ಕಕ್ಕೆಲ್ಲ ಹಚ್ಚಿಕೊಳ್ಳುತ್ತದೆ. ತಾಯಿಯ ಜೊತೆ ಇರುವ ಮರಿಗೆ ತಾಯಿಯ ಪುಕ್ಕದೊಳಗೆ ನುಸುಳುವಾಗಲೇ ಆ ಎಣ್ಣೆ ಹತ್ತುತ್ತದೆ, ಒದ್ದೆಯಾದರೆ ಬೆಚ್ಚಗಾಗಲು ಅವಳ ಮೈ ಇದೆ. ಯಂತ್ರದಲ್ಲಿ ಮರಿಯಾದದ್ದಕ್ಕೆ ಎರಡೂ ಇಲ್ಲ. ತುಪ್ಪುಳ ನೀರು ಕುಡಿದು ಭಾರವಾಗುತ್ತದೆ, ಮೈ ತಣ್ಣಗಾಗುತ್ತದೆ, ಬಕೆಟ್ಟಿನ ಅಂಚು ಹತ್ತಲಾಗದೆ ಮುಳುಗುತ್ತದೆ. ಹಾಗಂತ ಸ್ನಾನವನ್ನೇ ತಪ್ಪಿಸಬೇಡಿ, ಆಟವಾಡುತ್ತಾ ಎಣ್ಣೆ ತೀಡುವುದನ್ನು ಅವು ಬೇಗ ಕಲಿಯುತ್ತವೆ. ನಾಲ್ಕೈದು ದಿನವಾದ ಮೇಲೆ ಬಿಸಿಲಿನ ಹೊತ್ತಿನಲ್ಲಿ ಅಗಲ ಬೇಸಿನ್ನಿನಲ್ಲಿ ಉಗುರುಬೆಚ್ಚನೆಯ ನೀರು, ಮರಿ ಕಾಲೂರಿ ನಿಲ್ಲುವಷ್ಟು ಆಳ, ಐದು ನಿಮಿಷ. ನೀವು ಅಲ್ಲೇ ಕೂತಿರಬೇಕು, ಫೋನ್ ಬಂತೆಂದು ಏಳುವುದಿದ್ದರೆ ಮರಿಗಳನ್ನು ತೆಗೆದಿಟ್ಟು ಏಳಿ. ಆಮೇಲೆ ಬಟ್ಟೆಯಲ್ಲಿ ಒತ್ತಿ ಬಲ್ಬಿನ ಕೆಳಗೆ ಪೂರ್ತಿ ಒಣಗುವವರೆಗೆ ಬಿಡಿ. ನಾಲ್ಕನೇ ವಾರದ ಹೊತ್ತಿಗೆ ಹೊಟ್ಟೆಯ ಕೆಳಗೆ ಗರಿ ಮೂಡಿರುತ್ತದೆ, ಆಗ ಹೆಚ್ಚು ಹೊತ್ತು ಬಿಡಬಹುದು. ಮೈತುಂಬ ಗರಿ ಬರಲು ಏಳೆಂಟು ವಾರ ಬೇಕು. ಅಲ್ಲಿಯವರೆಗೆ ಮಳೆಯಲ್ಲಿ ನೆನೆಯಲು ಬಿಡಬೇಡಿ.

ಮೇವಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮನೆಯ ಬಾತುಗಳ ಕಾಲು ಹಾಳಾಗುವುದು ಇಲ್ಲೇ. ಬಾತುಮರಿಗೆ ನಯಾಸಿನ್, ಅಂದರೆ ಬಿ-3 ಜೀವಸತ್ವ, ಕೋಳಿಮರಿಗಿಂತ ಬಹಳ ಹೆಚ್ಚು ಬೇಕು. ಕಿಲೋ ಮೇವಿಗೆ ಸುಮಾರು 55 ಮಿಲಿಗ್ರಾಂ ಎಂಬುದು ಒಪ್ಪಿತ ಅಳತೆ. ಕೋಳಿ ತನ್ನ ಮೈಯಲ್ಲೇ ಟ್ರಿಪ್ಟೊಫಾನ್ ಎಂಬ ಅಂಶದಿಂದ ಒಂದಿಷ್ಟು ನಯಾಸಿನ್ ಮಾಡಿಕೊಳ್ಳುತ್ತದೆ, ಬಾತಿಗೆ ಆ ಸಾಮರ್ಥ್ಯ ಬಹಳ ಕಡಿಮೆ. ಅಂಗಡಿಯಲ್ಲಿ ಸಿಗುವುದು ಕೋಳಿಮರಿಯ ಸ್ಟಾರ್ಟರ್ ಮೇವು. ಅದೊಂದನ್ನೇ ಕೊಟ್ಟರೆ ಎರಡನೇ ಮೂರನೇ ವಾರದಲ್ಲಿ ಮರಿ ಎರಡು ಹೆಜ್ಜೆ ನಡೆದು ಕೂರಲು ಶುರುಮಾಡುತ್ತದೆ. ಕಾಲಿನ ಗಂಟು ಊದುತ್ತದೆ, ಕಾಲು ಬಿಲ್ಲಿನಂತೆ ಬಾಗುತ್ತದೆ, ಕೊನೆಗೆ ರೆಕ್ಕೆ ಊರಿಕೊಂಡು ತೆವಳುತ್ತದೆ. ಇದನ್ನು ಪೋಲಿಯೋ ಎಂದುಕೊಂಡು ಎಣ್ಣೆ ತಿಕ್ಕುತ್ತಾ ಕೂರುವವರಿದ್ದಾರೆ. ಬೇಕಾದದ್ದು ನಯಾಸಿನ್. ಕಿಲೋ ಸ್ಟಾರ್ಟರಿಗೆ 50 ಗ್ರಾಂ ಬ್ರೂವರ್ಸ್ ಯೀಸ್ಟ್, ಅಂದರೆ ಬಿಯರ್ ತಯಾರಿಕೆಯ ಯೀಸ್ಟನ್ನು ಒಣಗಿಸಿದ ಪುಡಿ, ಬೆರೆಸಿ ಮೊದಲ ದಿನದಿಂದ ಹತ್ತನೇ ವಾರದವರೆಗೆ ಕೊಡಿ. ಬ್ರೆಡ್ ಉಬ್ಬಿಸುವ ಬೇಕರಿ ಯೀಸ್ಟ್ ಬೇರೆ, ಅದು ಹೊಟ್ಟೆಯಲ್ಲಿ ಹುದುಗುತ್ತದೆ, ಅದನ್ನು ಹಾಕಬೇಡಿ. ಕುಂಟಲು ಶುರುವಾದ ಮರಿಗೆ ಯೀಸ್ಟಿಗೆ ಕಾಯದೆ ಅದೇ ದಿನ ಪಶುವೈದ್ಯರಿಂದ ನಯಾಸಿನ್ ಪ್ರಮಾಣ ಬರೆಸಿಕೊಂಡು ನೀರಿನಲ್ಲಿ ಕೊಡಿ. ಬೇಗ ಹಿಡಿದರೆ ಒಂದೆರಡು ದಿನದಲ್ಲೇ ಎದ್ದು ಓಡಾಡುತ್ತದೆ. ಗಂಟಿನ ಮೇಲಿನ ಸ್ನಾಯುರಜ್ಜು ಜಾರಿದ ಮೇಲೆ ಎಷ್ಟು ಕೊಟ್ಟರೂ ಕಾಲು ನೇರವಾಗುವುದಿಲ್ಲ.

ಸ್ಟಾರ್ಟರ್ ಕೊಳ್ಳುವಾಗ ಔಷಧ ಬೆರೆಸದ್ದನ್ನೇ ಕೇಳಿ. ಕೋಳಿಮರಿಯ ರಕ್ತಭೇದಿ ತಡೆಯಲು ಹಾಕುವ ಔಷಧಗಳಲ್ಲಿ ಕೆಲವು ಬಾತಿಗೆ ವಿಷ, ಮೇಲಾಗಿ ಬಾತುಮರಿ ಕೋಳಿಮರಿಗಿಂತ ಹೆಚ್ಚು ತಿನ್ನುವುದರಿಂದ ಔಷಧವೂ ಹೆಚ್ಚು ಒಳಗೆ ಹೋಗುತ್ತದೆ. ಮೊದಲ ಮೂರು ವಾರ 20 ಶೇಕಡಾ ಪ್ರೋಟೀನ್, ಆಮೇಲೆ 16ಕ್ಕೆ ಇಳಿಸಿ. ಇಳಿಸದಿದ್ದರೆ ಏನಾಗುತ್ತದೆ? ಮೈ ಬೇಗ ಬೆಳೆದು, ರೆಕ್ಕೆಯ ತುದಿಯಲ್ಲಿ ರಕ್ತ ತುಂಬಿದ ಎಳೆಗರಿಗಳ ಭಾರವನ್ನು ಮಣಿಕಟ್ಟು ತಡೆಯದೆ ರೆಕ್ಕೆ ಹೊರಕ್ಕೆ ತಿರುಗಿ ನಿಲ್ಲುತ್ತದೆ. ಕಂಡ ದಿನವೇ ರೆಕ್ಕೆಯನ್ನು ಸಹಜವಾಗಿ ಮಡಚಿ, ಅಂಟು ಗರಿಗೆ ಹತ್ತದಂಥ ಮೆತ್ತನೆ ಬ್ಯಾಂಡೇಜಿನಿಂದ ಸಡಿಲವಾಗಿ ಸುತ್ತಿ ನಾಲ್ಕೈದು ದಿನ ಬಿಡಿ, ನಡುವೆ ದಿನಕ್ಕೊಮ್ಮೆ ಬಿಚ್ಚಿ ಆಡಿಸಿ. ಮೇವಿನ ಪ್ರೋಟೀನ್ ಇಳಿಸಿ, ಸೊಪ್ಪು ಹೆಚ್ಚಿಸಿ, ಓಡಾಡಲು ಬಿಡಿ. ಬೆಳೆದ ಮೇಲೆ ಎಲುಬು ಗಟ್ಟಿಯಾದರೆ ಅದು ಹಾಗೇ ಉಳಿಯುತ್ತದೆ. ನೋವೇನಿಲ್ಲ, ನೋಡಲು ಮಾತ್ರ ಬೇಸರ.

ಇನ್ನು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು, ಜೊತೆಗೆ ಬಾತುಮರಿಗಳೂ. ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿದ್ದ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್. ಆ ವಿಷಕ್ಕೆ ಬಾತುಮರಿಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿ ಇನ್ನೊಂದಿಲ್ಲ ಎನ್ನಬಹುದು. ಹೀಗಾಗಿ ವಿಷದ ಪರೀಕ್ಷೆಗೇ ವಿಜ್ಞಾನಿಗಳು ಬಾತುಮರಿಗಳನ್ನು ಬಳಸಿದ್ದರು. ಇದು ನಮಗೆ ದೂರದ ಕತೆಯಲ್ಲ. ಮಳೆಗಾಲದಲ್ಲಿ ಮೂಟೆಯಲ್ಲಿ ಬೆವರಿದ ಮೆಕ್ಕೆಜೋಳ, ಮುಗ್ಗಲು ಹಿಡಿದ ಕಡಲೆಕಾಯಿ ಹಿಂಡಿ, "ಇನ್ನೇನು ಎಸೆಯುವ ಬದಲು ಬಾತಿಗೆ ಹಾಕೋಣ" ಎಂದು ಇಟ್ಟ ಹಳಸಿದ ಬ್ರೆಡ್ಡು, ಇವು ಯಕೃತ್ತನ್ನು ಕೊಲ್ಲುತ್ತವೆ. ಕಡಲೆಕಾಯಿ ಹಿಂಡಿಯನ್ನು ಬಾತಿಗೆ ಕೊಡಲೇಬೇಡಿ. ಮೇವು ಎರಡು ಮೂರು ವಾರಕ್ಕಾಗುವಷ್ಟೇ ತನ್ನಿ, ಗಾಳಿಯಾಡದ ಡ್ರಮ್ಮಿನಲ್ಲಿ ಹಲಗೆಯ ಮೇಲಿಡಿ, ನೆನೆಸಿದ ಮೇವು ಸಂಜೆಗೆ ಉಳಿದರೆ ಚೆಲ್ಲಿ.

ಬೆಳೆದ ಬಾತು ದಿನಕ್ಕೆ ಸುಮಾರು 150 ಗ್ರಾಂ ಮೇವು ತಿನ್ನುತ್ತದೆ, ಹಿತ್ತಲಲ್ಲಿ ಹುಳು ಶಂಕುಹುಳು ಸಿಕ್ಕರೆ ಸ್ವಲ್ಪ ಕಡಿಮೆ. ಮನೆಯಲ್ಲೇ ಬೆರೆಸುವವರಿಗೆ ಮೊಟ್ಟೆಯಿಡುವ ಬಾತಿನ 10 ಕಿಲೋ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ: ಅಕ್ಕಿನುಚ್ಚು, ರಾಗಿ ಅಥವಾ ಚೆನ್ನಾಗಿ ಒಣಗಿದ ಮೆಕ್ಕೆಜೋಳದ ನುಚ್ಚು 4 ಕಿಲೋ, ಹೊಸ ತೌಡು ಎರಡೂವರೆ ಕಿಲೋ, ಸೋಯಾ ಹಿಂಡಿ 2 ಕಿಲೋ, ಉಪ್ಪು ಹಾಕದೆ ಒಣಗಿಸಿದ ಮೀನಿನ ಪುಡಿ ಅರ್ಧ ಕಿಲೋ, ಕಪ್ಪೆಚಿಪ್ಪಿನ ಪುಡಿ 800 ಗ್ರಾಂ, ಕೋಳಿಗೆ ಬಳಸುವ ಖನಿಜ ಮಿಶ್ರಣ 200 ಗ್ರಾಂ. ಪ್ರೋಟೀನ್ ಹದಿನೇಳು ಹದಿನೆಂಟು ಶೇಕಡಾ, ಕ್ಯಾಲ್ಸಿಯಂ 3 ಶೇಕಡಾ ಬರುತ್ತದೆ. ಮೊಟ್ಟೆಯಿಡದ ಗಂಡಿಗೆ, ಮರಿಗೆ ಇಷ್ಟು ಕ್ಯಾಲ್ಸಿಯಂ ಮೂತ್ರಪಿಂಡಕ್ಕೆ ಹೊರೆ. ಎಲ್ಲವೂ ಒಟ್ಟಿಗೆ ತಿನ್ನುವ ಮನೆಯಲ್ಲಿ ಚಿಪ್ಪಿನ ಪುಡಿಯನ್ನು ಬೆರೆಸದೆ ಬೇರೆ ಬಟ್ಟಲಲ್ಲಿಡಿ, ಬೇಕಾದ ಹೆಣ್ಣು ತಾನೇ ತಿನ್ನುತ್ತದೆ. ಕರಾವಳಿಯ ಒಣಮೀನು ಉಪ್ಪು ಹಾಕಿದ್ದೇ ಹೆಚ್ಚು, ನೋಡಿ ತೆಗೆದುಕೊಳ್ಳಿ, ಉಪ್ಪು ಜಾಸ್ತಿಯಾದರೆ ಹಕ್ಕಿ ಸಾಯುತ್ತದೆ. ನುಗ್ಗೆಸೊಪ್ಪು, ನೀರಲ್ಲಿ ತೇಲುವ ಅಜೋಲ್ಲಾ ಸಸ್ಯ, ಸಣ್ಣಗೆ ಹೆಚ್ಚಿದ ಎಲೆಕೋಸು, ಸೌತೆಕಾಯಿ ಧಾರಾಳವಾಗಿ ಕೊಡಿ. ಪಾಲಕ್ ಅಪರೂಪಕ್ಕೆ ಸಾಕು, ಅದು ಕ್ಯಾಲ್ಸಿಯಂ ಮೈಗೆ ಸಿಗದಂತೆ ಹಿಡಿದಿಡುತ್ತದೆ. ಬೆಣ್ಣೆಹಣ್ಣು, ಈರುಳ್ಳಿ, ಚಾಕೊಲೇಟ್, ಬೇಯಿಸದ ಒಣ ಬೇಳೆಕಾಳು ಬೇಡ. ಮಂಡಕ್ಕಿ, ಬಿಸ್ಕತ್ತು, ಬ್ರೆಡ್ಡು ಹೊಟ್ಟೆ ತುಂಬಿಸುತ್ತವೆ, ಬೇರೇನೂ ಮಾಡುವುದಿಲ್ಲ. ಹಲ್ಲಿಲ್ಲದ ಹಕ್ಕಿಗೆ ಕಾಳು ಅರೆಯಲು ದಪ್ಪ ಮರಳು ಬೇಕು, ಒಂದು ಬಟ್ಟಲು ಸದಾ ಇಟ್ಟಿರಿ.

ಮರಳಿನ ಮಾತು ಬಂದಾಗ ಇನ್ನೊಂದು. ಬಾತು ಹೊಳೆಯುವುದನ್ನೆಲ್ಲ ನುಂಗುತ್ತದೆ. ಬಡಗಿ ಬಂದು ಹೋದ ದಿನ, ಎಲೆಕ್ಟ್ರಿಷಿಯನ್ ವೈರು ಕತ್ತರಿಸಿದ ದಿನ ಹಿತ್ತಲನ್ನು ಗುಡಿಸಿ, ಅಯಸ್ಕಾಂತ ಆಡಿಸಿ ಬಿಡಿ. ಸ್ಕ್ರೂ, ಮೊಳೆ, ನಾಣ್ಯ, ತಂತಿಯ ತುಣುಕು ಒಳಹೋಗಿ ಸತುವಿನ ವಿಷವೇರಿ ಹಕ್ಕಿ ಹಸಿರು ಹಿಕ್ಕೆ ಹಾಕುತ್ತಾ ನಿತ್ರಾಣವಾಗುತ್ತದೆ. ಎಕ್ಸ್‌ರೇ ತೆಗೆಯದೆ ಅದು ಗೊತ್ತಾಗುವುದಿಲ್ಲ.

ಈಗ ಹಿತ್ತಲಿಗೆ ಹೋಗೋಣ. ಕೊಳ ಇಲ್ಲದೆ ಬಾತು ಸಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಸಾಕಬಹುದು. ತಲೆ ಪೂರ್ತಿ ಮುಳುಗಿಸಿ ಕಣ್ಣು, ಹೊಳ್ಳೆ ತೊಳೆದುಕೊಳ್ಳುವಷ್ಟು ಆಳದ ನೀರು ದಿನವಿಡೀ ಇರಲೇಬೇಕು, ಅದಿಲ್ಲದಿದ್ದರೆ ಕಣ್ಣಲ್ಲಿ ನೊರೆ ಕಟ್ಟುತ್ತದೆ. ಈಜಲು ದನಗಳ ಕಲಗಚ್ಚಿನ ಸಿಮೆಂಟು ಬಾನಿಯಂಥದ್ದು, ಒಂದೂವರೆ ಅಡಿ ಆಳ, ಒಳಗೂ ಹೊರಗೂ ಇಟ್ಟಿಗೆಯ ಮೆಟ್ಟಿಲು, ದಿನಕ್ಕೊಮ್ಮೆ ಖಾಲಿಮಾಡಿ ತುಂಬುವುದು, ಇಷ್ಟು ಸಾಕು. ತಳಕ್ಕೆ ಎರಡು ಅಂಗುಲದ ಪೈಪು ಮತ್ತು ಬಿರಡೆ ಇಟ್ಟುಕೊಂಡರೆ ಸೊಂಟ ಉಳಿಯುತ್ತದೆ. ಆ ನೀರು ಬಾಳೆ, ತೆಂಗಿಗೆ ಒಳ್ಳೆಯ ಗೊಬ್ಬರ. ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗೆ ಮಾತ್ರ ಬಿಡಬೇಡಿ. ಬಾನಿಯ ಸುತ್ತ ಮೂರು ಅಡಿ ಅಗಲ ಜಲ್ಲಿ, ಅದರ ಮೇಲೆ ದಪ್ಪ ಮರಳು ಹಾಕಿ. ಬರೀ ಮಣ್ಣಾದರೆ ಒಂದು ವಾರದಲ್ಲಿ ಕೆಸರು. ಚೂಪಾದ ಜಲ್ಲಿಯೇ ಮೇಲಿದ್ದರೆ ಅಂಗಾಲು ಗಾಯ.

ಅಂಗಾಲಿನ ಗಾಯವನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ವಾರಕ್ಕೊಮ್ಮೆ ಪ್ರತಿ ಹಕ್ಕಿಯನ್ನೂ ಎತ್ತಿ ಪಾದ ತಿರುಗಿಸಿ ನೋಡಿ. ಕಪ್ಪು ಹಕ್ಕಳೆ, ಸುತ್ತ ಊತ, ಬಿಸಿ ಕಂಡರೆ ಒಳಗೆ ಕೀವು ಗಟ್ಟಿಯಾಗುತ್ತಿದೆ ಎಂದರ್ಥ. ಆರಂಭದಲ್ಲಿ ಬೆಚ್ಚನೆ ನೀರಿಗೆ ಎಪ್ಸಮ್ ಉಪ್ಪು ಹಾಕಿ ಹತ್ತು ನಿಮಿಷ ಕಾಲು ನೆನೆಸಿ, ಪೋವಿಡೋನ್ ಅಯೋಡಿನ್ ಹಚ್ಚಿ, ಒಣ ಹಾಸಿಗೆಯಲ್ಲಿ ಇಟ್ಟರೆ ಇಳಿಯುತ್ತದೆ. ಊತ ಗಟ್ಟಿಯಾಗಿದ್ದರೆ ಮನೆಯಲ್ಲಿ ಬ್ಲೇಡು ಹಾಕಬೇಡಿ, ವೈದ್ಯರ ಬಳಿ ಒಯ್ಯಿರಿ. ಎತ್ತುವುದೂ ಕೋಳಿಯಂತಲ್ಲ. ಬಾತಿನ ಕಾಲು ಸೂಕ್ಷ್ಮ, ಕಾಲು ಹಿಡಿದು ತಲೆಕೆಳಗು ಮಾಡಿದರೆ ಸೊಂಟದ ಕೀಲು ತಪ್ಪುತ್ತದೆ. ಎರಡೂ ಕೈಯಿಂದ ರೆಕ್ಕೆಯ ಮೇಲೆ ಒತ್ತಿ ಹಿಡಿದು, ಪಾದದ ಕೆಳಗೆ ಅಂಗೈ ಕೊಟ್ಟು, ಕಂಕುಳಲ್ಲಿ ಇಟ್ಟುಕೊಳ್ಳಿ.

ರಾತ್ರಿಯ ಗೂಡು ಹಕ್ಕಿಗೆ ನಾಲ್ಕು ಚದರ ಅಡಿ, ಹಗಲಿನ ಅಂಗಳ ಹದಿನೈದು ಚದರ ಅಡಿಗಿಂತ ಕಡಿಮೆ ಬೇಡ. ಬಾತು ಕೊಂಬೆ ಹತ್ತುವುದಿಲ್ಲ, ನೆಲದಲ್ಲೇ ಮಲಗುತ್ತದೆ, ಮಸ್ಕೋವಿ ಮಾತ್ರ ಹತ್ತಬಲ್ಲದು. ಗೂಡಿಗೆ ಹತ್ತುವ ಹಲಗೆ ಅಗಲವಾಗಿ, ಇಳಿಜಾರು ಕಡಿಮೆಯಿರಲಿ. ಗಾಳಿಕಿಂಡಿ ಹಕ್ಕಿಯ ತಲೆಗಿಂತ ಮೇಲಿರಲಿ. ಬೆಳಿಗ್ಗೆ ಗೂಡಿನ ಬಾಗಿಲಲ್ಲಿ ಮಂಡಿಯೂರಿ ನಿಮ್ಮ ಮುಖವನ್ನು ಬಾತಿನ ಎತ್ತರಕ್ಕೆ ಇಳಿಸಿ ಉಸಿರೆಳೆಯಿರಿ. ಕಣ್ಣು ಉರಿದರೆ ಅವು ರಾತ್ರಿಯಿಡೀ ಆ ಅಮೋನಿಯಾದಲ್ಲೇ ಮಲಗಿದ್ದವು. ಹೊಟ್ಟು ಬದಲಿಸಿ, ಕಿಂಡಿ ದೊಡ್ಡದು ಮಾಡಿ. ಕಗ್ಗತ್ತಲಲ್ಲಿ ಸಣ್ಣ ಸದ್ದಿಗೂ ಬಾತುಗಳು ಗಾಬರಿಬಿದ್ದು ಒಂದನ್ನೊಂದು ತುಳಿಯುತ್ತವೆ, ಒಂದು ಮಂದ ದೀಪ ಇರಲಿ.

ಬಲೆ ಯಾವುದು ಎಂಬುದು ಮುಖ್ಯ. ಷಟ್ಕೋನದ ತೆಳು ಕೋಳಿಬಲೆ ಬಾತನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಬೆಸುಗೆ ಹಾಕಿದ ಅರ್ಧ ಅಂಗುಲದ ತಂತಿಬಲೆಯೇ ಆಗಬೇಕು, ಏಕೆಂದರೆ ಹೆಗ್ಗಣ, ಮುಂಗುಸಿ, ಕೇರೆಹಾವು ಅದಕ್ಕಿಂತ ದೊಡ್ಡ ಕಿಂಡಿಯಲ್ಲಿ ದಾರಿ ಹುಡುಕುತ್ತವೆ. ಬಲೆಯ ಕೆಳಗಿನ ಒಂದು ಅಡಿಯನ್ನು ಹೊರಮುಖವಾಗಿ ಮಡಚಿ ಮಣ್ಣಿನಲ್ಲಿ ಹೂಳಿ, ಅಗೆಯಲು ಬಂದ ಪ್ರಾಣಿಗೆ ಬಲೆಯೇ ಸಿಗುತ್ತದೆ. ಮಲೆನಾಡಿನಲ್ಲಿ ಪುನುಗುಬೆಕ್ಕು ಚಿಲಕ ಸರಿಸುವಷ್ಟು ಜಾಣ, ಕೊಕ್ಕೆಯ ಜೊತೆ ಬೀಗವೂ ಇರಲಿ. ಮರಿಗಳಿಗೆ ಹಗಲಿನ ಶತ್ರು ಕಾಗೆ ಮತ್ತು ಹದ್ದು, ಆರು ವಾರದವರೆಗೆ ಮೇಲೂ ಬಲೆ ಬೇಕು.

ಬಾತು ಐದಾರು ತಿಂಗಳಿಗೆ ಮೊಟ್ಟೆ ಶುರುಮಾಡುತ್ತದೆ. ಬಹುತೇಕ ಬೆಳಗಿನ ಜಾವ ಇಡುವುದರಿಂದ ಒಂಬತ್ತು ಗಂಟೆಯವರೆಗೆ ಗೂಡಿನಿಂದ ಬಿಡಬೇಡಿ, ಬಿಟ್ಟರೆ ಕೆಸರಲ್ಲಿ, ಬಾನಿಯಲ್ಲಿ ಎಲ್ಲೆಂದರಲ್ಲಿ ಇಡುತ್ತವೆ. ಮೊಟ್ಟೆಗೆ ಗಂಡು ಬೇಕಿಲ್ಲ, ಮರಿಗೆ ಮಾತ್ರ ಬೇಕು. ಗಂಡು ಹೆಣ್ಣು ಗುರುತಿಸಲು ಆರು ವಾರದ ಹೊತ್ತಿಗೆ ದನಿ, ಮೂರು ನಾಲ್ಕು ತಿಂಗಳಿಗೆ ಗಂಡಿನ ಬಾಲದ ಮೇಲೆ ಸುರುಳಿ ಗರಿ. ನಾಲ್ಕೈದು ಹೆಣ್ಣಿಗೆ ಒಂದೇ ಗಂಡು ಇರಲಿ. ಎರಡು ಹೆಣ್ಣಿಗೆ ಎರಡು ಗಂಡಾದರೆ ಹೆಣ್ಣಿನ ಕತ್ತಿನ ಹಿಂದೆ ಗರಿ ಕಿತ್ತು ಗಾಯವಾಗುತ್ತದೆ, ನೀರಲ್ಲಿ ಅದುಮಿ ಹಿಡಿದು ಸಾಯಿಸುವುದೂ ಇದೆ. ಹೆಚ್ಚಾದ ಗಂಡುಗಳನ್ನು ಬೇರೆ ಇಟ್ಟರೆ, ಹೆಣ್ಣಿಲ್ಲದ ಕಡೆ ಅವು ತಮ್ಮತಮ್ಮಲ್ಲೇ ಹೊಂದಿಕೊಂಡಿರುತ್ತವೆ. ಗಂಡು ಬಾತನ್ನು ಕೋಳಿಗಳ ಜೊತೆ ಮಾತ್ರ ಕೂಡಬೇಡಿ, ಹೇಟೆಗೆ ಒಳಗಾಯವಾಗುತ್ತದೆ.

ಖಾಕಿ ಕ್ಯಾಂಬೆಲ್ ಕಾವಿಗೆ ಕೂರುವುದು ಅಪರೂಪ. ನಮ್ಮ ಕಡೆ ನಾಟಿಕೋಳಿಯ ಕೆಳಗೆ ಇಡುತ್ತಾರೆ, ಅದು ಒಳ್ಳೆಯ ಪದ್ಧತಿ. ಕೋಳಿಯ ಗಾತ್ರ ನೋಡಿ ಆರರಿಂದ ಎಂಟು ಮೊಟ್ಟೆ ಸಾಕು. ಕೋಳಿಮೊಟ್ಟೆಗೆ 21 ದಿನ, ಬಾತಿಗೆ 28, ಮಸ್ಕೋವಿಗೆ 35. ಒಂದು ವಾರ ಹೆಚ್ಚು ಕೂರಬೇಕಾದ ಕೋಳಿ ಸೊರಗುತ್ತದೆ, ದಿನಕ್ಕೊಮ್ಮೆ ಎಬ್ಬಿಸಿ ಮೇವು ನೀರು ಕೊಡಿ. ಆಗಲೇ ಮೊಟ್ಟೆಗಳ ಮೇಲೆ ಉಗುರುಬೆಚ್ಚನೆ ನೀರು ಚಿಮುಕಿಸಿ. ಒದ್ದೆ ಹೊಟ್ಟೆಯೊಂದಿಗೆ ಬಂದು ಕೂರುವ ಬಾತಮ್ಮನ ತೇವ ಕೋಳಿಯಲ್ಲಿ ಇಲ್ಲ. ತೇವವಿಲ್ಲದಿದ್ದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಏಳನೇ ದಿನ ಟಾರ್ಚಿನ ಬೆಳಕಿಗೆ ಹಿಡಿದು ರಕ್ತನಾಳ ಕಾಣದವನ್ನು ತೆಗೆಯಿರಿ. ಯಂತ್ರವಾದರೆ 37.5 ಡಿಗ್ರಿ, ತೇವ 55ರಿಂದ 60 ಶೇಕಡಾ, 25ನೇ ದಿನದಿಂದ ತಿರುಗಿಸುವುದನ್ನು ನಿಲ್ಲಿಸಿ ತೇವವನ್ನು 70ಕ್ಕೆ ಏರಿಸಿ. ಚಿಪ್ಪು ಬಿರಿದ ಮೇಲೆ ಮರಿ ಹೊರಬರಲು ಒಂದು ದಿನ, ಕೆಲವೊಮ್ಮೆ ಎರಡು ದಿನ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅದು ಪೊರೆಯ ರಕ್ತವನ್ನೂ ಹೊಟ್ಟೆಯೊಳಗಿನ ಹಳದಿಯನ್ನೂ ಹೀರಿಕೊಳ್ಳುತ್ತಿರುತ್ತದೆ. ಕನಿಕರಪಟ್ಟು ಚಿಪ್ಪು ಸುಲಿದರೆ ರಕ್ತ ಸುರಿದು ಸಾಯುತ್ತದೆ.

ಕಾಯಿಲೆಗಳಲ್ಲಿ ಎರಡಕ್ಕೆ ಲಸಿಕೆ ಇದೆ, ಬಾತಿನ ಪ್ಲೇಗು ಮತ್ತು ಕಾಲರಾ. ಪ್ಲೇಗಿನ ಲಸಿಕೆ ಎಂಟು ವಾರದ ಮೇಲೆ. ನಾಲ್ಕೈದು ಹಕ್ಕಿಗೆ ಇಡೀ ಬಾಟಲಿ ತೆರೆಯಬೇಕಾಗುತ್ತದೆ, ಊರಿನಲ್ಲಿ ಸಾಕುವವರು ಸೇರಿ ಒಂದೇ ದಿನ ಹಾಕಿಸಿಕೊಳ್ಳಿ. ಮೊಟ್ಟೆ ಸಿಕ್ಕಿಕೊಂಡ ಹೆಣ್ಣು ಬಾಲ ತಗ್ಗಿಸಿ ತಿಣುಕುತ್ತಾ ಒಂಟಿಯಾಗಿ ನಿಲ್ಲುತ್ತದೆ. ಬೆಚ್ಚನೆ ನೀರಿನಲ್ಲಿ ಇಪ್ಪತ್ತು ನಿಮಿಷ ಕೂರಿಸಿ, ಕತ್ತಲ ಕೋಣೆಯಲ್ಲಿಡಿ. ಅರ್ಧ ದಿನದಲ್ಲಿ ಇಡದಿದ್ದರೆ ವೈದ್ಯರು ಬೇಕು. ಹೊಟ್ಟೆ ಒತ್ತಬೇಡಿ, ಒಳಗೆ ಒಡೆಯುತ್ತದೆ. ಬೇಸಿಗೆಯಲ್ಲಿ ಬಾತಿನ ಕತ್ತು ಹಗ್ಗದಂತೆ ಜೋತುಬಿದ್ದರೆ ಕೊಳೆತದ್ದೇನನ್ನೋ ತಿಂದಿದೆ, ನಿಂತ ನೀರಲ್ಲಿ ಸತ್ತ ಇಲಿ, ಮೀನು ಇದೆಯೇ ಹುಡುಕಿ ತೆಗೆಯಿರಿ, ಉಳಿದವನ್ನು ಅಲ್ಲಿಂದ ದೂರವಿಡಿ.

ಹಕ್ಕಿಜ್ವರದ ಬಗ್ಗೆ ಮುಚ್ಚುಮರೆ ಬೇಡ. 2014ರಲ್ಲಿ ಕುಟ್ಟನಾಡಿನಲ್ಲಿ, ಮತ್ತೆ 2021ರ ಆರಂಭದಲ್ಲಿ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳಲ್ಲಿ ಬಾತುಗಳಲ್ಲಿ ಅದು ಹಬ್ಬಿ ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಬಾತು ರೋಗದ ಲಕ್ಷಣ ತೋರದೆಯೇ ವೈರಸ್ಸನ್ನು ಹೊತ್ತಿರಬಲ್ಲದು. ಕೆರೆಯ ವಲಸೆ ಹಕ್ಕಿಗಳು ಇಳಿಯುವ ಕಡೆ ನಿಮ್ಮ ಬಾತನ್ನು ಬಿಡಬೇಡಿ, ಮೇವಿನ ತಟ್ಟೆ ಬಯಲಲ್ಲಿ ಇಡಬೇಡಿ. ಎರಡು ಮೂರು ಹಕ್ಕಿ ಒಮ್ಮೆಗೇ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಗುಟ್ಟಾಗಿ ಹೂಳದೆ ಪಶುಪಾಲನಾ ಇಲಾಖೆಗೆ ತಿಳಿಸಿ. ದಿನನಿತ್ಯದ ಅಪಾಯ ಸಾಲ್ಮೊನೆಲ್ಲಾ. ಆರೋಗ್ಯವಾಗಿ ಕಾಣುವ ಮರಿಯ ಹಿಕ್ಕೆಯಲ್ಲೂ ಅದು ಇರುತ್ತದೆ. ಮಕ್ಕಳು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲಿ, ಮರಿಗೆ ಮುತ್ತಿಡದಿರಲಿ. ಐದು ವರ್ಷದೊಳಗಿನ ಮಗು ಮರಿಯನ್ನು ನೋಡಿದರೆ ಸಾಕು. ನೀರಿನ ಡಬ್ಬಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಬಾತಿನ ಮೊಟ್ಟೆಯನ್ನು ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ.

ಸಾಕಲಾಗದಿದ್ದಾಗ ಏನು ಮಾಡಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಮರಿ ದೊಡ್ಡದಾಗಿ ಗಲಾಟೆ ಹೆಚ್ಚಿದ ಮೇಲೆ "ಕೆರೆಗೆ ಬಿಟ್ಟರೆ ಸುಖವಾಗಿರುತ್ತದೆ" ಎಂದು ಬಿಟ್ಟುಬರುವವರಿದ್ದಾರೆ. ಮಸ್ಕೋವಿ ಬಿಟ್ಟರೆ ಹೆಚ್ಚಿನ ಸಾಕು ಬಾತಿಗೆ ಹಾರಲು ಬರುವುದಿಲ್ಲ, ಬಿಳಿ ಮೈ ಅಡಗುವುದಿಲ್ಲ, ಮೇವು ಹುಡುಕಿ ಅಭ್ಯಾಸವಿಲ್ಲ. ಕೆರೆ ಏರಿಯ ನಾಯಿಗಳ ಬಾಯಿಗೆ ಹೋಗುತ್ತದೆ. ಬದುಕಿದರೆ ನಮ್ಮ ಚುಕ್ಕೆಬಾತಿನ ಜೊತೆ ಕೂಡಿ ಮಿಶ್ರತಳಿ ಹುಟ್ಟಿಸುತ್ತದೆ, ಮನೆಯ ರೋಗವನ್ನು ಅಲ್ಲಿಗೂ ಒಯ್ಯುತ್ತದೆ. ಇದರ ಇನ್ನೊಂದು ಬದಿಯೂ ಇದೆ. ಗದ್ದೆಯಲ್ಲೋ ಕೆರೆಯಂಚಲ್ಲೋ ಸಿಕ್ಕ ಚುಕ್ಕೆಬಾತಿನ, ಶಿಳ್ಳೆಬಾತಿನ ಮರಿಯನ್ನು ತಂದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವು ರಕ್ಷಿತ ಹಕ್ಕಿಗಳು. ದೂರ ನಿಂತರೆ ಹೆಚ್ಚಿನ ಸಲ ತಾಯಿ ಮರಳಿ ಬರುತ್ತದೆ, ಬಾರದಿದ್ದರೆ ಅರಣ್ಯ ಇಲಾಖೆಗೆ ಹೇಳಿ. ನಿಮ್ಮ ಬಾತುಗಳನ್ನು ಬೇರೆಯವರಿಗೆ ಕೊಡುವಾಗ ಜೋಡಿ ಮುರಿಯದೆ ಕೊಡಿ. ಸಂಜೆಯ ತಂಪಿನಲ್ಲಿ, ಗಾಳಿಯಾಡುವ ಬುಟ್ಟಿಯಲ್ಲಿ ಗೋಣಿ ಹಾಸಿ ಕಳಿಸಿ, ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸಲು ಹೇಳಿ. ಅವು ತಿನ್ನುತ್ತಿದ್ದ ಮೇವನ್ನು ಒಂದು ವಾರಕ್ಕಾಗುವಷ್ಟು ಜೊತೆಗೆ ಕಟ್ಟಿಕೊಡಿ. ಹೊಸ ಮನೆಯವರು ಅದಕ್ಕೆ ತಮ್ಮ ಮೇವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಬದಲಿಸಲಿ.